ಕೋಟು ತೊಟ್ಟ ದೇವರು

ಕಂಪ್ಲಿಯಲ್ಲಿ ನಮ್ಮ ಅಕ್ಕನ ಮನೆಯ ದೇವರ ಜಗುಲಿಗೆ ಹೊಸ ದೇವರೊಂದು ಬಂದಿದೆ. ಕೋಟು ತೊಟ್ಟಿದೆ. ತಂದವನು ನಾನೇ!

ನಡೆದದ್ದು ಇಷ್ಟು. ಹೋದ ತಿಂಗಳು ಮದರಾಸಿಗೆ ಹೋದಾಗ ಅಕ್ಕನ ಮಗಳು ನೀಲಿಗೆಂದು ಒಂದು ಅಕ್ಷರಮಾಲೆ ಕೊಂಡೆ. ಬಣ್ಣದ ಚಿತ್ರ, ಪೇಜಿಗೊಂದು ತಮಾಷೆ. ತಮಿಳಿನಲ್ಲಿ ಇಂಥವು ರಾಶಿ, ತೆಲುಗಿನಲ್ಲೂ ರಾಶಿ. ಕನ್ನಡದ್ದು ಅಂಗಡಿಯಲ್ಲಿ ಇದ್ದದ್ದು ಅದೊಂದೇ. (ಈ ಮದರಾಸು ಪ್ರಾಂತ್ಯದಲ್ಲಿ ನಮ್ಮ ಭಾಷೆಯ ಯೋಗ್ಯತೆ ಎಷ್ಟೆಂದು ಅಲ್ಲೇ ತಿಳಿಯಿತು.)

ನೀಲಿ ಪುಸ್ತಕ ಕಂಡರೆ ನೆಲ್ಲಿನ ಚೀಲಗಳ ಹಿಂದೆ ಅಡಗುವ ಹುಡುಗಿ. ಅಡಗದೆ ಇನ್ನೇನು ಮಾಡೀತು? ಶಾಲೆಯ ಪುಸ್ತಕ ತೆರೆದರೆ ಸುಳ್ಳು ಹೇಳಬೇಡ, ಕದಿಯಬೇಡ. ಆರು ವರ್ಷದ ಮಗು ಏನು ಕದ್ದಿತ್ತು? ಅದರಲ್ಲಿರುವ ಒಂದೇ ಚಿತ್ರ ಇಂಗ್ಲೆಂಡಿನ ದೊರೆಗಳದು. ನೋಡಿ ನಗುವಂತಿಲ್ಲ. (ನಕ್ಕರೆ ಏನಾಗುತ್ತದೆಂದು ಈ ಕಾಲದಲ್ಲಿ ಬಿಡಿಸಿ ಹೇಳಬೇಕೆ?)

"ಓದಾಕ ಮನಸಿಲ್ಲಂದ್ರ ಸಾಲಿ ಬಿಡಿಸಿದ್ರಾತು. ಹೆಣ್ಣ ಹುಡುಗಿ, ಓದಿ ಏನ್ ಮಾಡ್ತೈತಿ?" ಎಂದು ಭಾವ ಆಗಲೇ ಶುರುಮಾಡಿದ್ದರು.

ನಾನು ತಂದ ಪುಸ್ತಕವನ್ನು ನೀಲಿ ತೆರೆದಳು. 'ಆ'. ಆನೆ ಕೋಟು ತೊಟ್ಟಿತು, ಗುಂಡಿ ಟಪ್ಪನೆ ಹಾರಿತು! 'ಇ'. ಇಲಿ ಗುಂಡಿ ಹಿಡಿಯಿತು, ಟೋಪಿ ಎಂದು ಹಾಕಿತು! ಹುಡುಗಿ ನಕ್ಕು ನಕ್ಕು ನೆಲಕ್ಕೆ ಬಿತ್ತು. ಎದ್ದು ಬೆರಳಿಟ್ಟು ತಾನೇ ಓದಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನೂ ನಕ್ಕಳು. 'ಈ' ನಾಳೆ ಓದು ಎಂದು ಹೇಳಿ ನಾನು ಹೊಸಪೇಟೆಯ ಬಸ್ಸು ಹತ್ತಿದೆ.

ಮೊನ್ನೆ ಹೋಗಿ ನೋಡುತ್ತೇನೆ, ಆನೆಯ ಪುಟ ತೆರೆದ ಪುಸ್ತಕ ಜಗುಲಿಯ ಮೇಲೆ! ಮೂರು ಬೆರಳ ವಿಭೂತಿ, ಮೇಲೊಂದು ದಾಸವಾಳ. ಅಕ್ಕನ ಅತ್ತೆ ಗೌರವ್ವನವರು ಊದಿನಕಡ್ಡಿ ಬೆಳಗುತ್ತಿದ್ದಾರೆ.

"ಅವ್ವಾರ, ಅದು ದೇವರಲ್ರಿ. ಬರೇ ಆನಿ" ಎಂದೆ.

"ಆನಿ ಎಂದಾರ ಎರಡ ಕಾಲಿನ ಮ್ಯಾಲೆ ನಿಂದರ್ತೈತೇನಪಾ? ಹೊಟ್ಟಿ ನೋಡು. ಬಾಜೂಕ ಇಲಿ ಐತಿ, ನೋಡು. ನನಗ ಓದಾಕ ಬರಂಗಿಲ್ಲ ಖರೆ, ಕಣ್ಣು ಕಾಣಸ್ತಾವ."

ನಮ್ಮ ವರ್ಣಮಾಲೆಯೇ ಆನೆಯ ಪಕ್ಕ ಇಲಿಯನ್ನು ತಂದು ನಿಲ್ಲಿಸಿದರೆ ಮುದುಕಿಯ ತಪ್ಪೇನು? "ಕೋಟು?" ಎಂದೆ. "ಮದರಾಸಿನ ಗಣಪ್ಪ, ತೊಟ್ಟಿರತಾನ" ಎಂದರು.

ನಗು ಬಂತು. ಆದರೆ ಬಾಗಿಲಲ್ಲಿ ನೀಲಿ ನಿಂತಿದ್ದಳು. ಪುಸ್ತಕ ಮುಟ್ಟಿದ್ದಕ್ಕೆ ಬೈಸಿಕೊಂಡಿದ್ದಾಳೆ. ನಕ್ಕಿದ್ದಕ್ಕೆ ಗಲ್ಲ ಬಡಿದುಕೊಂಡು ತಪ್ಪಾಯಿತು ಎಂದಿದ್ದಾಳೆ. 'ಈ' ಅವಳಿಗೆ ಸಿಕ್ಕೇ ಇಲ್ಲ. ಭಾವ ಸೋಮವಾರದಿಂದ ಶಾಲೆ ಬಿಡಿಸಿದ್ದಾರೆ.

ನನಗೆ ಬಹಳ ಸಂಕಟವಾಯಿತು, ಈಗಲೂ ಆಗುತ್ತಿದೆ. ಕಾಲು ತಾಗಿದರೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಅಕ್ಷರದ ಮೇಲೆ ಅಷ್ಟು ಗೌರವ. ಆದರೆ ಅದರ ಜೊತೆ ಕೂತು ನಗುವ ಸಲಿಗೆಯನ್ನು ನಮ್ಮ ಮಕ್ಕಳಿಗೆ ಯಾರಾದರೂ ಕೊಟ್ಟಿದ್ದೇವೆಯೇ? ಗೌರವ್ವನವರಿಗೆ ಮೊಮ್ಮಗಳ ಮೇಲೆ ಪ್ರೀತಿ ಕಡಿಮೆಯೇನಿಲ್ಲ. ಅವಳ ಒಳಿತಿಗೇ ಆ ದಾಸವಾಳ ಏರಿಸುತ್ತಿದ್ದಾರೆ!

ಭಾವನ ಹತ್ತಿರ ವಾದ ಮಾಡಿದೆ. ಅವರು ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿದರು.

ಹೊರಡುವಾಗ ನೀಲಿಯ ತಲೆ ಸವರಿ, "ಮತ್ತೊಂದು ಪುಸ್ತಕ ತರ್ತೀನಿ ಬಿಡವ್ವಾ" ಎಂದೆ. ಹುಡುಗಿ ಒಳಗೆ ಅಜ್ಜಿ ಇದ್ದಾಳೆಯೇ ಎಂದು ಇಣುಕಿ ನೋಡಿ, ಪಿಸುಮಾತಿನಲ್ಲಿ ಕೇಳಿತು:

"ಮಾಮಾ, ಅದನ್ನ ನೋಡಿ ನಗಬೌದಾ, ಕೈ ಮುಗೀಬೇಕಾ?"