ನಿನ್ನೆಯೇ ಹೊರಟ ನನ್ನ ಬ್ಯಾಗು

ಈ-ಮೇಲ್ ಬಳಗದ ಗೆಳೆಯರೇ, ನನಗಿನ್ನೂ ನಂಬಲಾಗುತ್ತಿಲ್ಲ. ಇವತ್ತು ಬೆಳಿಗ್ಗೆ ಬೊಂಬಾಯಿಯ ಕಾಮಿಕ್ಸ್ ಸಮಾವೇಶಕ್ಕೆ ಹೊರಡಲು ಶೂ ಕಟ್ಟಿಕೊಂಡು ನೋಡುತ್ತೇನೆ, ಮಂಚದ ಕೆಳಗೆ ಬ್ಯಾಗೇ ಇಲ್ಲ. ರೈಲಿನ ಟಿಕೆಟ್, ಲಾಡ್ಜಿನವರ ಕಾಗದ, ಎರಡು ವರ್ಷ ಕೂತು ಬರೆದ ನನ್ನ ಚಿತ್ರಕಥೆ, ಎಲ್ಲ ಅದರಲ್ಲೇ.

"ಅಜ್ಜಿ, ನನ್ನ ಬ್ಯಾಗೆಲ್ಲಿ?"

"ಅದು ನಿನ್ನೇನೇ ಹೊರಟಾಯ್ತಲ್ಲಪ್ಪಾ," ಎಂದರು, ಅವರೆಕಾಯಿ ಸುಲಿಯುತ್ತಾ.

ಹೆಸರಿನಲ್ಲೇ ಮಂಗಳವಿದ್ದರೂ ಮಂಗಳವಾರ ನಮ್ಮ ಮನೆಯಿಂದ ಯಾರೂ ದೂರ ಪ್ರಯಾಣ ಹೊರಡುವಂತಿಲ್ಲ. ಅದಕ್ಕೊಂದು ಪರಿಹಾರವಿದೆ: ಹಿಂದಿನ ಒಳ್ಳೆಯ ದಿನ ಗಂಟನ್ನು ಪಕ್ಕದ ಮನೆಯಲ್ಲಿಟ್ಟರೆ ಆವತ್ತೇ ಹೊರಟ ಹಾಗೆ. ಅಜ್ಜಿ ಇಟ್ಟಿದ್ದರು. ಪಕ್ಕದ ಮನೆಯ ರತ್ನಮ್ಮನವರು ಇವತ್ತು ಮೊದಲ ಬಸ್ಸಿಗೇ, ಬಾಗಿಲಿಗೆ ಬೀಗ ಹಾಕಿಕೊಂಡು, ಹೊಸಕೋಟೆಯ ಮಗಳ ಮನೆಗೆ ಹೋಗಿದ್ದಾರೆ.

ದೊಡ್ಡಬಳ್ಳಾಪುರದಿಂದ ಅಲ್ಲಿಗೆ ಓಡಿ ಬೀಗದ ಕೈ ತರುವಷ್ಟರಲ್ಲಿ ಮಧ್ಯಾಹ್ನದ ರೈಲು ಹೋಗಿಯೇ ಬಿಟ್ಟಿತ್ತು.

"ರೈಲು ತಪ್ಪೋಯ್ತಲ್ಲಜ್ಜಿ."

"ತಪ್ಪಲಿ ಬಿಡು. ಹೊರಟಾಗಿದೆಯಲ್ಲ, ಇನ್ಯಾವತ್ತು ಹೋದ್ರೂ ದೋಷ ಇಲ್ಲ."

ಈಗಾಗಲೇ ಬೊಂಬಾಯಿ ತಲುಪಿರುವ ಗೆಳೆಯರು ದಯವಿಟ್ಟು ಲಾಡ್ಜಿನವರಿಗೆ ಹೇಳಿ: ಗಿರಾಕಿ ಸೋಮವಾರದಿಂದ ಪ್ರಯಾಣದಲ್ಲಿದ್ದಾನೆ, ಸದ್ಯಕ್ಕೆ ಪಕ್ಕದ ಮನೆಯವರೆಗೆ ಬಂದಿದ್ದಾನೆ, ರೂಮು ಯಾರಿಗೂ ಕೊಡಬೇಡಿ.