ದಿಲ್ಲಿಗೆ ಎಷ್ಟು ಜೋಡಿ

ಅಥಣಿಯ ನಮ್ಮ ಓಣಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅಜ್ಜ ದೂರವನ್ನೂ ಚಪ್ಪಲಿಯಲ್ಲೇ ಅಳೆಯುತ್ತಿದ್ದ. ಯಾರು ಯಾವ ಊರಿನ ಹೆಸರೆತ್ತಿದರೂ, ಹಲ್ಲಲ್ಲಿ ಕಚ್ಚಿದ ದಾರ ಬಿಟ್ಟು, “ಎಷ್ಟು ಜೋಡಿ ಸವೀತಾವ್ರಿ?” ಎಂದು ಕೇಳುತ್ತಿದ್ದ.

ಅವನ ತಂಗಿಯನ್ನು ದಿಲ್ಲಿಗೆ ಕೊಟ್ಟಿದ್ದರು. ಅವಳಿಗೆಂದು ಹೊಲಿದ ಜೋಡಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ನಾಗರಪಂಚಮಿಗೆ ಅವಳನ್ನು ತವರಿಗೆ ಕರೆತರಲು ಹೋಗುವುದಿಲ್ಲವೇ ಎಂದರೆ, “ದಿಲ್ಲಿ ಭಾಳ ದೂರ್ರಿ, ಹತ್ತು ಜೋಡಿ ಸವೀತಾವ” ಎಂದು ತಲೆ ತಗ್ಗಿಸುತ್ತಿದ್ದ.

ತಂಗಿ ತೀರಿಕೊಂಡ ಸುದ್ದಿ ಬಂದಾಗ ಅವನನ್ನು ಬೆಳಗಾವಿಯಿಂದ ವಿಮಾನದಲ್ಲಿ ಕರೆದೊಯ್ದವನು ನಾನು. ಎರಡೂವರೆ ತಾಸಿನಲ್ಲಿ ದಿಲ್ಲಿಯಲ್ಲಿ ಇಳಿದೆವು. ಆ ಜೋಡಿಯನ್ನು ಎದೆಗೊತ್ತಿಕೊಂಡೇ ಬಂದಿದ್ದ ಅಜ್ಜ, ತನ್ನ ಕಾಲಿನ ಚಪ್ಪಲಿ ಬಿಚ್ಚಿ, ತಿರುವಿ, ಅಟ್ಟೆ ಮುಟ್ಟಿ ನೋಡಿದ.

“ಏನೂ ಸವದಿಲ್ಲಲ್ರಿ” ಎಂದ. “ಆಕಿ ಇಷ್ಟು ಸಮೀಪ ಇದ್ಳಂತ ನನಗ ಯಾರೂ ಯಾಕ ಹೇಳ್ಲಿಲ್ರಿ?”