ಮಿಸ್ ಯೆಲ್ಯಾಂಡ್ ಅವರ ಮಳೆಪುಸ್ತಕ

ಇಂಗ್ಲೆಂಡಿನ ಡೆವನ್ ಸೀಮೆಯ ನಮ್ಮ ಹಳ್ಳಿಯಲ್ಲಿ ಮಳೆ ಬಂತೋ ಇಲ್ಲವೋ ಎಂದು ತಿಳಿಯಲು ಯಾರೂ ಆಕಾಶ ನೋಡುತ್ತಿರಲಿಲ್ಲ. ಮಿಸ್ ಯೆಲ್ಯಾಂಡ್ ಅವರನ್ನು ಕೇಳುತ್ತಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದ, ಮದುವೆಯಾಗದ ಹೆಂಗಸು, ವಯಸ್ಸು ಅರವತ್ತೊಂದು. ಹಿತ್ತಲಲ್ಲಿ ಅವರದೊಂದು ತಾಮ್ರದ ಮಳೆಮಾಪಕ. ಇಪ್ಪತ್ತೆರಡು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಅದರ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಅಂಗುಲದ ನೂರನೇ ಒಂದು ಭಾಗದವರೆಗೆ ಓದಿ, ಪುಸ್ತಕದಲ್ಲಿ ಬರೆಯುತ್ತಿದ್ದರು. ತಾಯಿ ತೀರಿಕೊಂಡ ದಿನವೂ ಬರೆದರು: 0.07.

1940ರ ಅಕ್ಟೋಬರ್. ಲಂಡನ್ ಮೇಲೆ ಬಾಂಬು ಬೀಳುತ್ತಿತ್ತು. ಅಲ್ಲಿಂದ ಕಳಿಸಿದ ಮಕ್ಕಳನ್ನು ನಮ್ಮೂರ ಮನೆಗಳಿಗೆ ಹಂಚುವ ಹೊಣೆ ಬೇಕರಿಯ ಲಸ್ಕಂ ಅವರದು. ಒಂಬತ್ತು ವರ್ಷದ ಮೇವಿಸ್‌ಗೆ ಮಾತ್ರ ಮನೆ ಸಿಗಲಿಲ್ಲ. ಪಟ್ಟಣದ ಹಾಸ್ಟೆಲಿನಲ್ಲಿ ಜಾಗವಾಗುವವರೆಗೆ ಇರಲಿ ಎಂದು ಅವಳನ್ನು ಮಿಸ್ ಯೆಲ್ಯಾಂಡ್ ಅವರಲ್ಲಿ ಬಿಟ್ಟರು. ಎರಡು ವಾರದಲ್ಲಿ ಜಾಗ ಆಯಿತು; ಅವಳನ್ನು ಕರೆದೊಯ್ಯಲು ಲಸ್ಕಂ ಬಂದರು.

"ಹನ್ನೊಂದು ಮೈಲಿ, ಅದೂ ತೆರೆದ ಗಾಡೀಲಿ," ಎಂದರು ಮಿಸ್ ಯೆಲ್ಯಾಂಡ್. "ಕೆಮ್ಮೋ ಮಗುನ ಮಳೇಲಿ ಕಳಿಸಲ್ಲ. ಮೂರು ದಿನ ಒಣಹವೆ ಇರ್ಲಿ, ಆಮೇಲೆ ಬನ್ನಿ."

ಮೇವಿಸ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಮರುದಿನ ಮಾಪಕದಲ್ಲಿ 0.53 ಅಂಗುಲ. ರಾತ್ರಿ ಸುರಿದಿರಬೇಕು ಎಂದುಕೊಂಡು ಬರೆದರು. ಅದರ ಮರುದಿನವೂ 0.53. ಲಸ್ಕಂ ಬೇಲಿಯಾಚೆ ನಿಂತು ಗೋಗರೆದರು.

"ಮಿಸ್ ಯೆಲ್ಯಾಂಡ್, ರಸ್ತೇಲಿ ಧೂಳು ಏಳ್ತಿದೆ! ನನ್ನ ಬೋಳುತಲೆ ನೋಡಿ, ಬಿಸಿಲಿಗೆ ಬನ್ ಥರ ಕೆಂಪಾಗಿದೆ!"

"ನಿಮ್ಮ ತಲೆ ಮಳೆಮಾಪಕ ಅಲ್ಲ, ಲಸ್ಕಂ."

ಮೂರನೆಯ ದಿನವೂ 0.53. ಮಿಸ್ ಯೆಲ್ಯಾಂಡ್ ಅಳತೆಯ ಗಾಜನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಮಳೆ ಇಷ್ಟು ಶಿಸ್ತಿನದಲ್ಲ. ಅಡುಗೆಮನೆಗೆ ಹೋಗಿ ಕಪಾಟಿನ ಚಹಾ ಕಪ್‌ಗಳನ್ನೆಲ್ಲ ಇಳಿಸಿದರು. ಒಂದೊಂದನ್ನೇ ಅಂಚಿನವರೆಗೆ ತುಂಬಿ ಅಳೆದರು. ಬಿಳಿ ಬಣ್ಣದ್ದು, 0.61. ಹಿಡಿ ಮುರಿದದ್ದು, 0.48. ನೀಲಿ ಅಂಚಿನದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ 0.53.

ನೀಲಿ ಅಂಚಿನ ಕಪ್ಪಿನಲ್ಲಿ ಹಾಲು ಕುಡಿಯುವವಳು ಮೇವಿಸ್.

"ಇಲ್ಲಿ ಬಾ," ಎಂದರು. "ಇಪ್ಪತ್ತೆರಡು ವರ್ಷದ ಪುಸ್ತಕ ಕಣೇ ಇದು! ಒಂದು ಸುಳ್ಳು ಅಂಕಿ ಇರ್ಲಿಲ್ಲ. ಈಗ ಮೂರಿದೆ!"

ಮೇವಿಸ್ ನೆಲ ನೋಡಿದಳು. "ದಿನಾ ಬೇರೆ ಕಪ್ಪಲ್ಲಿ ಹಾಕ್ಬೇಕಿತ್ತು, ಅಲ್ವಾ ಮಿಸ್?"

ಮಿಸ್ ಯೆಲ್ಯಾಂಡ್ ಅವರಿಗೆ ಕೆಮ್ಮು ಬಂತು, ಅಥವಾ ಹಾಗೆ ಕೇಳಿಸುವ ಇನ್ನೇನೋ. "ಬಾಂಬು ಬೀಳೋ ಊರಿಂದ ಒಬ್ಬಳೇ ಬಂದವಳು, ಇಲ್ಲೇ ಇರ್ತೀನಿ ಅಂತ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು?"

"ಕೇಳಿದ್ರೆ ಇಲ್ಲ ಅನ್ಬಹುದು. ನೀರು ಹಾಕಿದ್ರೆ ಯಾರೂ ಇಲ್ಲ ಅನ್ನಲ್ಲ."

ಅಷ್ಟರಲ್ಲಿ ಲಸ್ಕಂ ಗಾಡಿ ಕಟ್ಟಿಕೊಂಡು ಬಂದೇಬಿಟ್ಟರು. ಮಿಸ್ ಯೆಲ್ಯಾಂಡ್ ಕೆಂಪು ಶಾಯಿಯಲ್ಲಿ ಮೂರು ಅಂಕಿಗಳನ್ನು ಹೊಡೆದುಹಾಕಿ ಮೂರು ಸೊನ್ನೆ ಬರೆದರು. ಷರಾ ಕಾಲಂನಲ್ಲಿ, 'ಮಳೆ ಅಲ್ಲ, ಮೇವಿಸ್.'

ಲಸ್ಕಂ ಇಣುಕಿ ನೋಡಿದರು. "ಸೊನ್ನೆ, ಸೊನ್ನೆ, ಸೊನ್ನೆ! ಒಣಹವೆ ಅಂತ ನೀವೇ ಬರ್ದಿದ್ದೀರಿ. ನಡಿ ಪುಟ್ಟೀ, ಗಂಟು ಎಲ್ಲಿ?"

ಮೇವಿಸ್ ಗಂಟು ತರಲು ಹೋಗಲಿಲ್ಲ. ಮಿಸ್ ಯೆಲ್ಯಾಂಡ್ ಅವರ ಕಡೆ ತಿರುಗಿದಳು. ಕಿವಿಯ ತುದಿಯವರೆಗೂ ಕೆಂಪಾಗಿದ್ದಳು.

"ಮಿಸ್, ನಾನು ಇಲ್ಲೇ ಇರ್ಲಾ?"

"ಎಷ್ಟು ದಿನ? ಸರಿಯಾಗಿ ಹೇಳು."

"ಅಳತೆ ಗೊತ್ತಿಲ್ಲ ಮಿಸ್."

ಮಿಸ್ ಯೆಲ್ಯಾಂಡ್ ಪುಸ್ತಕ ಮುಚ್ಚಿದರು. "ಲಸ್ಕಂ, ಗಾಡಿ ತಿರುಗಿಸ್ಕೊಳ್ಳಿ."

"ಅಯ್ಯೋ, ಹಾಸ್ಟೆಲಿನವರಿಗೆ ಏನಂತ ಬರೀಲಿ? ಕಾರಣ ಅಂತ ಒಂದು ಕಾಲಂ ಇದೆ!"

"ಕೇಳಿದಳು ಅಂತ ಬರೀರಿ."